"ನಮಗೂ ಓಡಾಕ ಆಗ್ತೈತೇನ್ರಿ ಸಿಸ್ಟರ್?"

ಸಂಘದ ಸಭೆಗೊಂದು ಆರೋಗ್ಯ ಪಾಠ



ಜಕ್ಕಲಿಯಲ್ಲಿ ಒಂದು ಸಂಜೆ ಸಂಘದ ಸಭೆ ನಡೆದಿತ್ತು. ಉಳಿತಾಯದ ಹಣ ಎಣಿಸಿ, ಸಾಲದ ಕಂತು ಬರೆದು, ಪುಸ್ತಕ ಮುಚ್ಚುವ ಹೊತ್ತಿಗೆ ಒಬ್ಬ ಸದಸ್ಯೆ ಕೈಚೀಲದಿಂದ ಒಂದು ಪದಕ ತೆಗೆದು ಎಲ್ಲರ ನಡುವೆ ಇಟ್ಟರು.

"ಬೆಂಗಳೂರಾಗ ಇರೋ ನನ್ನ ಮಗಳು ಹತ್ತು ಕಿಲೋಮೀಟರ್ ಓಡಿ ತಂದಾಳ್ರಿ ಸಿಸ್ಟರ್. ಓಡಾಕ ಮತ್ತ ಇವರ ರೊಕ್ಕಾ ಕಟ್ಟಬೇಕಂತ!"

ಎಲ್ಲರೂ ನಕ್ಕರು. "ನಾವು ದಿನಾ ಪುಕ್ಕಟೆ ಓಡತೀವಲ್ಲ, ನೀರಿಗೆ, ಬಸ್ಸಿಗೆ, ಹೊಲಕ್ಕ" ಎಂದು ಇನ್ನೊಬ್ಬರು ಹೇಳಿದಾಗ ನಗು ಇನ್ನೂ ಹೆಚ್ಚಾಯಿತು. ನಗು ನಿಂತ ಮೇಲೆ ಮೂಲೆಯಲ್ಲಿ ಕುಳಿತ ನಲವತ್ತೈದರ ಆಸುಪಾಸಿನ ತಾಯಿಯೊಬ್ಬರು ಮೆಲ್ಲಗೆ ಕೇಳಿದರು: "ನಮಗೂ ಓಡಾಕ ಆಗ್ತೈತೇನ್ರಿ ಸಿಸ್ಟರ್? ನಾಕು ಮೆಟ್ಟಲಾ ಹತ್ತಿದ್ರ ನನಗ ತೇಕು ಬರ್ತೈತಿ. ಮನ್ಯಾಗ ಮೈಗಳ್ಳಿ ಅಂತಾರ."

ಈ ಪ್ರಶ್ನೆ ನಮ್ಮನ್ನು ಚಿಂತನೆಗೆ ಹಚ್ಚಿತು. ಆದ್ದರಿಂದ ಈ ಸಲದ ಪಾಠಕ್ಕೆ ಓಟವನ್ನೇ ಆರಿಸಿಕೊಂಡಿದ್ದೇವೆ. ಆ ತಾಯಿಯ ಪ್ರಶ್ನೆಗೆ ಸಿಕ್ಕ ಉತ್ತರವನ್ನು ಮುಂದೆ ಹೇಳುತ್ತೇವೆ.

ಮ್ಯಾರಥಾನ್ ಅಂದರೇನು?

ಮ್ಯಾರಥಾನ್ ಎಂದರೆ 42 ಕಿಲೋಮೀಟರ್ 195 ಮೀಟರ್ ಉದ್ದದ ಓಟ. ಅದರ ಅರ್ಧ, ಸುಮಾರು 21 ಕಿ.ಮೀ. ಓಟಕ್ಕೆ ಹಾಫ್ ಮ್ಯಾರಥಾನ್ ಎನ್ನುತ್ತಾರೆ. ಇವಲ್ಲದೆ 10 ಕಿ.ಮೀ., 5 ಕಿ.ಮೀ. ಓಟಗಳೂ ಇರುತ್ತವೆ. ಬೆಂಗಳೂರಿನಲ್ಲಿ 2008ರಲ್ಲಿ ಆರಂಭವಾದ 10 ಕಿ.ಮೀ. ಓಟದಲ್ಲಿ ಪ್ರತಿ ವರ್ಷ ಸಾವಿರಾರು ಜನ ಭಾಗವಹಿಸುತ್ತಾರೆ. ಶ್ರೀರಂಗಪಟ್ಟಣದ ಹತ್ತಿರ ಕಾವೇರಿ ಕಾಲುವೆಯ ದಂಡೆಗುಂಟ ಮಣ್ಣಿನ ದಾರಿಯಲ್ಲಿ ಕಾವೇರಿ ಟ್ರೇಲ್ ಮ್ಯಾರಥಾನ್ ನಡೆಯುತ್ತದೆ.

ಇಲ್ಲಿ ಒಂದು ವಿಷಯ ತಿಳಿದುಕೊಳ್ಳಬೇಕು. ಓಡುವವರೆಲ್ಲಾ ಗೆಲ್ಲಲು ಓಡುವುದಿಲ್ಲ. ಮುಂದಿನ ಹತ್ತಿಪ್ಪತ್ತು ಜನ ಬಹುಮಾನಕ್ಕೆ ಓಡುತ್ತಾರೆ, ಹಿಂದಿನ ಸಾವಿರಾರು ಜನ ಮುಗಿಸಲು ಓಡುತ್ತಾರೆ. ಸಾಮಾನ್ಯರಿಗೆ ಹಾಫ್ ಮ್ಯಾರಥಾನ್ ಮುಗಿಸಲು ಎರಡರಿಂದ ಮೂರು ಗಂಟೆ, ಕೆಲವರಿಗೆ ಇನ್ನೂ ಹೆಚ್ಚು ಬೇಕು. ನಡುನಡುವೆ ನಡೆಯುವವರೂ ಇದ್ದಾರೆ. ನಡೆದರೆ ಅವಮಾನವೇನಿಲ್ಲ.

ದೂರದ ದಾರಿ ಕಾಲಲ್ಲಿ ಕ್ರಮಿಸುವುದು ನಮ್ಮ ಸೀಮೆಗೆ ಹೊಸದೂ ಅಲ್ಲ. ಯುಗಾದಿಯ ಮುಂಚೆ ಉತ್ತರ ಕರ್ನಾಟಕದ ಹಳ್ಳಿಗಳಿಂದ ಕಂಬಿ ಹೊತ್ತು ಶ್ರೀಶೈಲಕ್ಕೆ ಪಾದಯಾತ್ರೆ ಹೋಗುವವರನ್ನು ನಾವು ನೋಡಿದ್ದೇವೆ. ಅವರಲ್ಲಿ ಹೆಣ್ಣುಮಕ್ಕಳೂ ಇರುತ್ತಾರೆ. ಅವರು ಒಬ್ಬೊಬ್ಬರೇ ಹೋಗುವುದಿಲ್ಲ, ಗುಂಪಾಗಿ ಹೋಗುತ್ತಾರೆ. ಒಬ್ಬರ ಕಾಲು ಸೋತರೆ ಉಳಿದವರು ನಿಲ್ಲುತ್ತಾರೆ. ಈ ಮಾತನ್ನು ನೆನಪಿಡಿರಿ.

"ಹೆಣ್ಣಿಗೆ ಆಗದು" ಎಂಬ ಮಾತು

ಹೆಣ್ಣಿನ ದೇಹ ದೂರದ ಓಟ ತಾಳದು ಎಂದು ಬಹಳ ಕಾಲ ಜಗತ್ತೇ ನಂಬಿತ್ತು. 1928ರ ಒಲಿಂಪಿಕ್ಸ್‌ನಲ್ಲಿ ಹೆಂಗಸರಿಗೆ 800 ಮೀಟರ್ ಓಟ ಇಟ್ಟರು. ಅದು ಅವರಿಗೆ ಭಾರವಾಯಿತೆಂದು ಹೇಳಿ ಆಮೇಲೆ ತೆಗೆದುಹಾಕಿದರು. ಅದು ಮರಳಿ ಬಂದದ್ದು 1960ರಲ್ಲಿ.

1967ರಲ್ಲಿ ಅಮೆರಿಕದ ಬೋಸ್ಟನ್ ಮ್ಯಾರಥಾನ್‌ನಲ್ಲಿ ಕ್ಯಾಥರಿನ್ ಸ್ವಿಟ್ಜರ್ ಎಂಬ ವಿದ್ಯಾರ್ಥಿನಿ 261ನೇ ಸಂಖ್ಯೆ ಧರಿಸಿ ಓಡತೊಡಗಿದಳು. ಓಟದ ಅಧಿಕಾರಿಯೊಬ್ಬರು ಓಡಿಬಂದು ಆ ಸಂಖ್ಯೆ ಕಿತ್ತುಕೊಳ್ಳಲು ನೋಡಿದರು. ಆದರೂ ಆಕೆ ನಿಲ್ಲದೆ ಓಟ ಮುಗಿಸಿದಳು. ಬೋಸ್ಟನ್‌ನಲ್ಲಿ ಹೆಂಗಸರಿಗೆ ಅಧಿಕೃತವಾಗಿ ಅವಕಾಶ ಸಿಕ್ಕಿದ್ದು 1972ರಲ್ಲಿ. ಒಲಿಂಪಿಕ್ಸ್‌ಗೆ ಮಹಿಳಾ ಮ್ಯಾರಥಾನ್ ಬಂದದ್ದು 1984ರಲ್ಲಿ. ಅದೇ ಸ್ವಿಟ್ಜರ್ 2017ರಲ್ಲಿ, ತಮ್ಮ ಎಪ್ಪತ್ತನೇ ವಯಸ್ಸಿನಲ್ಲಿ, ಅದೇ 261ನೇ ಸಂಖ್ಯೆ ಧರಿಸಿ ಅದೇ ಓಟವನ್ನು ಮತ್ತೆ ಮುಗಿಸಿದರು.

ನಮ್ಮ ನೆರೆಯ ಮಹಾರಾಷ್ಟ್ರದ ಬಾರಾಮತಿಯಲ್ಲಿ ಲತಾ ಭಗವಾನ್ ಕರೆ ಎಂಬ ಕೂಲಿ ಮಾಡುವ ತಾಯಿ ಇದ್ದಾರೆ. 2010ರ ದಶಕದಲ್ಲಿ, ಅರವತ್ತು ದಾಟಿದ ವಯಸ್ಸಿನಲ್ಲಿ, ಗಂಡನ ಆಸ್ಪತ್ರೆ ಖರ್ಚಿಗೆ ಹಣವಿಲ್ಲದೆ ಹಿರಿಯರ ಮೂರು ಕಿ.ಮೀ. ಓಟದಲ್ಲಿ ಸೀರೆ ಕಚ್ಚೆ ಹಾಕಿ ಬರಿಗಾಲಲ್ಲಿ ಓಡಿ ಗೆದ್ದರು. ಅವರ ಕಥೆ 2020ರಲ್ಲಿ ಮರಾಠಿ ಸಿನಿಮಾ ಆಯಿತು. ಅದರಲ್ಲಿ ಅವರೇ ನಟಿಸಿದರು.

ಈ ತಾಯಿಯ ಧೈರ್ಯಕ್ಕೆ ನಾವು ಕೈ ಮುಗಿಯುತ್ತೇವೆ. ಆದರೆ ಆಸ್ಪತ್ರೆ ಬಿಲ್ಲಿಗಾಗಿ ಯಾವ ಹೆಣ್ಣುಮಗಳೂ ಬರಿಗಾಲಲ್ಲಿ ಓಡುವ ಪರಿಸ್ಥಿತಿ ಬರಬಾರದು. ಅದಕ್ಕೇ ನಮ್ಮ ಸಂಘದ ಉಳಿತಾಯ ಇರುವುದು. ನಾವು ಓಡುವುದಾದರೆ ಸಂಕಟಕ್ಕೆ ಸಿಕ್ಕು ಓಡುವುದು ಬೇಡ, ತಯಾರಿಯಿಂದ ಓಡೋಣ.

ಓಟದ ಬಳಗ ಹೇಗೆ ನಡೆಯುತ್ತದೆ?

ಬೆಂಗಳೂರಿನಲ್ಲಿ ಜಯನಗರ ಜಾಗ್ವಾರ್ಸ್‌ನಂಥ ಓಟದ ಬಳಗಗಳಿವೆ. ಇಂಥ ಬಳಗಗಳಲ್ಲಿ ನೌಕರಿ ಮಾಡುವವರು, ಗೃಹಿಣಿಯರು, ನಿವೃತ್ತರು ಬೆಳಿಗ್ಗೆ ಒಂದು ಜಾಗದಲ್ಲಿ ಸೇರುತ್ತಾರೆ. ಮೊದಲು ಮೈ ಬೆಚ್ಚಗಾಗುವ ವ್ಯಾಯಾಮ. ನಂತರ ತಮ್ಮ ತಮ್ಮ ವೇಗಕ್ಕೆ ತಕ್ಕಂತೆ ಚಿಕ್ಕ ಗುಂಪುಗಳಲ್ಲಿ ಓಟ. ಕೊನೆಗೆ ಕೈಕಾಲು ಎಳೆದು ಸಡಿಲಿಸುವುದು. ವಾರದಲ್ಲಿ ಎರಡು ಮೂರು ದಿನ ಚಿಕ್ಕ ಓಟ, ಒಂದು ದಿನ ಉದ್ದ ಓಟ, ಉಳಿದ ದಿನ ವಿಶ್ರಾಂತಿ ಅಥವಾ ಹಗುರ ವ್ಯಾಯಾಮ. ಹೊಸಬರ ಜೊತೆ ಹಳಬರೊಬ್ಬರು ಇರುತ್ತಾರೆ.

ಇದನ್ನು ಕೇಳಿದಾಗ ನಮಗೆ ಅನಿಸಿದ್ದು ಇಷ್ಟೇ: ಇದು ನಮ್ಮ ಸ್ವಸಹಾಯ ಸಂಘದ ಹಾಗೇ ಇದೆಯಲ್ಲಾ!

ಓಟಕ್ಕೂ ಪಂಚಸೂತ್ರ

ಸಂಘದ ಪಂಚಸೂತ್ರ ನಿಮಗೆಲ್ಲಾ ಬಾಯಿಪಾಠ ಇದೆ. ಅದನ್ನೇ ಓಟಕ್ಕೆ ಹೊಂದಿಸಿ ನೋಡೋಣ.

1. ನಿಯಮಿತ ಸಭೆ: ವಾರದಲ್ಲಿ ಮೂರು ದಿನ, ಅದೇ ಹೊತ್ತು, ಅದೇ ಜಾಗ. ಒಬ್ಬರು ಬಾರದಿದ್ದರೆ ಇನ್ನೊಬ್ಬರು ಬಾಗಿಲು ಬಡಿಯಬೇಕು.

2. ನಿಯಮಿತ ಉಳಿತಾಯ: ಒಂದೇ ದಿನ ಸಾವಿರ ರೂಪಾಯಿ ತುಂಬಿ ಆರು ತಿಂಗಳು ಬಾರದವಳಿಂದ ಸಂಘ ನಡೆಯದು. ಹಾಗೆಯೇ ಒಂದೇ ದಿನ ಐದು ಕಿ.ಮೀ. ಓಡಿ ಹದಿನೈದು ದಿನ ಮಲಗಿದರೆ ಉಪಯೋಗವಿಲ್ಲ. ಸ್ವಲ್ಪ ಸ್ವಲ್ಪವೇ ಕೂಡಬೇಕು.

3. ಆಂತರಿಕ ಸಾಲ: ಶಕ್ತಿ ಇದ್ದವರು ಇಲ್ಲದವರಿಗೆ ತಮ್ಮ ಹೊತ್ತು ಕೊಡಬೇಕು. ಎಲ್ಲಕ್ಕಿಂತ ನಿಧಾನ ಇರುವವಳ ಜೊತೆ ಒಬ್ಬಳು ಕಡ್ಡಾಯವಾಗಿ ಇರಬೇಕು.

4. ಸಕಾಲಿಕ ಮರುಪಾವತಿ: ಓಡಿದ ದಿನ ನಾವು ದೇಹದಿಂದ ಸಾಲ ಪಡೆದಿರುತ್ತೇವೆ. ಅದನ್ನು ನಿದ್ದೆ, ಊಟ, ವಿಶ್ರಾಂತಿಯ ರೂಪದಲ್ಲಿ ತೀರಿಸಬೇಕು. ತೀರಿಸದಿದ್ದರೆ ಮೊಣಕಾಲು, ಹಿಮ್ಮಡಿ ಬಡ್ಡಿ ಸಮೇತ ವಸೂಲಿ ಮಾಡುತ್ತವೆ.

5. ಲೆಕ್ಕಪತ್ರ: ಒಂದು ನೋಟುಬುಕ್ಕಿನಲ್ಲಿ ತಾರೀಖು, ಎಷ್ಟು ನಿಮಿಷ, ಮೈ ಹೇಗಿತ್ತು ಎಂದು ಬರೆಯಬೇಕು. ಬರೆಯಲು ಬಾರದವರದ್ದನ್ನು ಪುಸ್ತಕ ಬರೆಯುವವಳು ಬರೆಯಲಿ.

ಮೊದಲು ಪರೀಕ್ಷೆ, ಆಮೇಲೆ ಓಟ

ಈಗ ಆ ತಾಯಿಯ ಪ್ರಶ್ನೆಗೆ ಬರೋಣ. ಓಟ ಕಲಿಯುವ ಮೊದಲು ಎಲ್ಲರೂ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ ಬಿ.ಪಿ., ಸಕ್ಕರೆ, ರಕ್ತದ ಪರೀಕ್ಷೆ ಮಾಡಿಸಿಕೊಂಡು ಬರಬೇಕು ಎಂದು ಸಂಘದಲ್ಲಿ ಠರಾವು ಮಾಡಿದೆವು. ಆ ತಾಯಿಯೂ ಹೋದರು. ಅವರ ಹಿಮೋಗ್ಲೋಬಿನ್ 7.8 ಇತ್ತು.

ಗರ್ಭಿಣಿಯಲ್ಲದ ಹೆಣ್ಣಿಗೆ ಇದು 12ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ, 8ಕ್ಕಿಂತ ಕಡಿಮೆ ಇದ್ದರೆ ತೀವ್ರ ರಕ್ತಹೀನತೆ. ಎಷ್ಟೋ ವರ್ಷಗಳಿಂದ ಅವರಿಗೆ ಮುಟ್ಟಿನಲ್ಲಿ ವಿಪರೀತ ರಕ್ತ ಹೋಗುತ್ತಿತ್ತು. "ಹೆಣ್ಣು ಜನ್ಮ ಅಂದ ಮ್ಯಾಲ ಇದ್ದದ್ದ" ಎಂದು ಯಾರಿಗೂ ಹೇಳಿರಲಿಲ್ಲ. ಮನೆಯಲ್ಲಿ ಮೈಗಳ್ಳಿ ಅನಿಸಿಕೊಂಡೇ ಅಡಿಗೆ, ದನದ ಕೆಲಸ, ಕೂಲಿ ಎಲ್ಲಾ ಮಾಡಿದ್ದರು. ವೈದ್ಯರು ದೊಡ್ಡ ಆಸ್ಪತ್ರೆಗೆ ಕಳಿಸಿದರು, ಚಿಕಿತ್ಸೆ ಶುರುವಾಯಿತು. ಚೀಟಿ ಹಿಡಿದುಕೊಂಡು ಬಂದು ಅವರು ಹೇಳಿದ್ದು ಒಂದೇ ಮಾತು: "ನಾನು ಮೈಗಳ್ಳಿ ಅಲ್ಲ ಅಂತ ಈ ಚೀಟಿ ನಮ್ಮ ಮನ್ಯಾಗಿನವ್ರಿಗೆ ಓದಿ ಹೇಳ್ರಿ ಸಿಸ್ಟರ್."

ಅಕ್ಕ-ತಂಗಿಯರೇ, ಇದು ಒಬ್ಬರ ಕಥೆ ಅಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಹೆಣ್ಣುಮಕ್ಕಳಲ್ಲಿ ಶೇ. 47.8 ಜನರಿಗೆ ರಕ್ತಹೀನತೆ ಇದೆ. ಅಂದರೆ ಇಪ್ಪತ್ತು ಜನರ ಸಂಘದಲ್ಲಿ ಸುಮಾರು ಒಂಬತ್ತು-ಹತ್ತು ಮಂದಿ. ದಣಿವು ಯಾವಾಗಲೂ ಸೋಮಾರಿತನ ಅಲ್ಲ, ಅದು ರೋಗದ ಸುದ್ದಿಯೂ ಆಗಿರಬಹುದು. ಆದ್ದರಿಂದ ಆ ತಾಯಿಗೆ ನಾವು ಕೊಟ್ಟ ಉತ್ತರ: "ಆಗ್ತೈತವ್ವಾ, ಆದರ ಇವತ್ತ ಅಲ್ಲ. ಮೊದಲ ರಕ್ತ ಆಗಲಿ."

ಬಿ.ಪಿ., ಸಕ್ಕರೆ, ಹೃದಯದ ತೊಂದರೆ, ಉಬ್ಬಸ ಇದ್ದವರು ವೈದ್ಯರನ್ನು ಕೇಳಿಯೇ ಆರಂಭಿಸಬೇಕು. ಸಕ್ಕರೆ ರೋಗಕ್ಕೆ ಗುಳಿಗೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಸೆರಗಿನ ಗಂಟಿನಲ್ಲಿ ಸ್ವಲ್ಪ ಸಕ್ಕರೆ ಇಟ್ಟುಕೊಳ್ಳಬೇಕು. ಓಡುವಾಗ ಕೈ ನಡುಗಿ, ಬೆವರಿ, ಕಣ್ಣು ಮಂಜಾದರೆ ಕೂಡಲೇ ಬಾಯಿಗೆ ಹಾಕಿಕೊಳ್ಳಬೇಕು. ಮನೆಗೆ ಬಂದು ಪಾದದಲ್ಲಿ ಗಾಯ, ಗುಳ್ಳೆ ಇದೆಯೇ ನೋಡಬೇಕು. ಗರ್ಭಿಣಿಯರು, ಬಾಣಂತಿಯರು, ಗರ್ಭಕೋಶದ ಆಪರೇಷನ್ ಆದವರು ವೈದ್ಯರು ಹೇಳುವವರೆಗೆ ಓಡಬಾರದು.

ಹನ್ನೆರಡು ವಾರಗಳ ಅಭ್ಯಾಸ

ಇದು ಸೊನ್ನೆಯಿಂದ ಐದು ಕಿ.ಮೀ. ತನಕದ ದಾರಿ. ವಾರದಲ್ಲಿ ಮೂರು ದಿನ, ನಡುವೆ ಒಂದೊಂದು ದಿನ ಬಿಡುವು. ಪ್ರತಿ ಸಲ ಮೊದಲ ಐದು ನಿಮಿಷ, ಕೊನೆಯ ಐದು ನಿಮಿಷ ಬರೀ ನಡಿಗೆ.

1-2ನೇ ವಾರ: 30 ನಿಮಿಷ ಬಿರುಸಿನ ನಡಿಗೆ. ಓಟ ಬೇಡ.
3-4ನೇ ವಾರ: 1 ನಿಮಿಷ ನಿಧಾನ ಓಟ, 2 ನಿಮಿಷ ನಡಿಗೆ. ಏಳು ಸಲ.
5-6ನೇ ವಾರ: 2 ನಿಮಿಷ ಓಟ, 2 ನಿಮಿಷ ನಡಿಗೆ. ಆರು ಸಲ.
7-8ನೇ ವಾರ: 4 ನಿಮಿಷ ಓಟ, 2 ನಿಮಿಷ ನಡಿಗೆ. ಐದು ಸಲ.
9-10ನೇ ವಾರ: 8 ನಿಮಿಷ ಓಟ, 2 ನಿಮಿಷ ನಡಿಗೆ. ಮೂರು ಸಲ.
11-12ನೇ ವಾರ: ಬೇಕಾದಾಗ ನಡೆಯುತ್ತಾ, ಬೇಕಾದಾಗ ಓಡುತ್ತಾ 5 ಕಿ.ಮೀ. ಮುಗಿಸುವುದು.

ಯಾವ ವಾರ ಕಷ್ಟ ಅನಿಸಿತೋ ಆ ವಾರವನ್ನು ಮತ್ತೊಮ್ಮೆ ಮಾಡಿರಿ. ಹನ್ನೆರಡು ವಾರ ಇಪ್ಪತ್ತಾದರೂ ನಷ್ಟವಿಲ್ಲ.

ವೇಗ ಸರಿ ಇದೆಯೇ ಎಂದು ತಿಳಿಯಲು ಗಡಿಯಾರ ಬೇಡ. ಓಡುತ್ತಾ ಪಕ್ಕದವಳ ಜೊತೆ ಒಂದೆರಡು ಮಾತು ಆಡಲು ಬರಬೇಕು. ಮಾತು ಆಡಲು ಉಸಿರು ಸಾಲದಿದ್ದರೆ ನಿಧಾನ ಮಾಡಿರಿ. ಮೊದಲ ದಿನವೇ ಪದಕದ ಹುರುಪಿನಲ್ಲಿ ಊರ ಹೊರಗಿನ ತನಕ ಜೋರಾಗಿ ಓಡಿದ ಒಬ್ಬ ಸದಸ್ಯೆ ಎಂಟು ದಿನ ಮೊಣಕಾಲು ಹಿಡಿದು ಕುಳಿತಳು. "ನೋಡಿದ್ಯಾ, ಹೇಳಿದ್ದಿಲ್ಲನ?" ಎಂದು ಅತ್ತೆಯ ಮಾತು ಬೇರೆ. ಮೊದಲ ದಿನ ನಿಧಾನವಾಗಿ ಓಡಿ ಎಂದು ಒತ್ತಿ ಹೇಳದಿದ್ದದ್ದು ನಮ್ಮ ತಪ್ಪು.

ಹೊಲದ ಕೆಲಸವೂ ದೇಹಕ್ಕೆ ದುಡಿಮೆಯೇ. ಕಳೆ ತೆಗೆಯುವ, ರಾಶಿ ಮಾಡುವ ದಿನಗಳಲ್ಲಿ ದಿನವಿಡೀ ಬಾಗಿ ದುಡಿದವರು ಮತ್ತೆ ಓಡಬೇಕಾಗಿಲ್ಲ. ಸುಗ್ಗಿಯಲ್ಲಿ ಅಭ್ಯಾಸ ಕಡಿಮೆ, ಬಿಡುವಿನಲ್ಲಿ ಹೆಚ್ಚು, ಹೀಗೆ ಹೊಂದಿಸಿಕೊಳ್ಳಿರಿ. ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಶ್ರಮದ ಚಟುವಟಿಕೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದೆ. ಬಿರುಸಿನ ನಡಿಗೆಯಿಂದಲೂ ಅದು ಪೂರ್ತಿಯಾಗುತ್ತದೆ.

ಮುಂದೆ 10, ಆಮೇಲೆ 21

ಐದು ಕಿ.ಮೀ. ಸಲೀಸಾದ ಮೇಲೆ ಆಸೆ ಇದ್ದವರು ಮುಂದೆ ಹೋಗಬಹುದು. ವಾರದ ಎರಡು ಓಟ ಚಿಕ್ಕದೇ ಇರಲಿ. ಒಂದು ಓಟವನ್ನು ಮಾತ್ರ ವಾರಕ್ಕೆ ಅರ್ಧ ಕಿ.ಮೀ. ಹೆಚ್ಚಿಸುತ್ತಾ ಹೋಗಿರಿ. ಪ್ರತಿ ನಾಲ್ಕನೇ ವಾರ ಕಡಿಮೆ ಮಾಡಿರಿ. ಹೀಗೆ ಮೂರು-ನಾಲ್ಕು ತಿಂಗಳಲ್ಲಿ ಹತ್ತು ಕಿ.ಮೀ. ಆಗುತ್ತದೆ. ಅಲ್ಲಿಂದ ಹಾಫ್ ಮ್ಯಾರಥಾನ್‌ಗೆ ಇನ್ನೂ ನಾಲ್ಕೈದು ತಿಂಗಳು ಬೇಕು. ಈ ಹಂತದಲ್ಲಿ ಉದ್ದ ಓಟವನ್ನು ವಾರಕ್ಕೆ ಒಂದು ಕಿ.ಮೀ. ತನಕ ಹೆಚ್ಚಿಸಬಹುದು. ಅಭ್ಯಾಸದಲ್ಲಿ ಪೂರ್ತಿ 21 ಓಡುವ ಅಗತ್ಯವಿಲ್ಲ. 16ರಿಂದ 18 ಕಿ.ಮೀ. ಒಂದೆರಡು ಸಲ ಆದರೆ ಸಾಕು. ಕೊನೆಯ ಎರಡು ವಾರ ಅಭ್ಯಾಸ ಇಳಿಸಿ ದೇಹಕ್ಕೆ ವಿಶ್ರಾಂತಿ ಕೊಡಬೇಕು.

ಲೆಕ್ಕ ಹಾಕಿದರೆ ಇದು ಒಂದು ವರ್ಷದ ಮಾತು. ಅವಸರ ಬೇಡ. ಇದೇ ಜಕ್ಕಲಿಯ ಅಂದಾನಪ್ಪ ದೊಡ್ಡಮೇಟಿಯವರು ಕರ್ನಾಟಕ ಏಕೀಕರಣಕ್ಕಾಗಿ ವರ್ಷಗಟ್ಟಲೆ ದುಡಿದರು. ಫಲ ಸಿಕ್ಕಿದ್ದು 1956ರ ನವೆಂಬರ್ 1ರಂದು. ದೊಡ್ಡ ಕೆಲಸ ಯಾವುದೂ ಒಂದು ದಿನದ್ದಲ್ಲ.

ಬಟ್ಟೆ, ಬೂಟು, ದಾರಿ

ಬೂಟಿಗಾಗಿ ಸಾಲ ತೆಗೆಯಬೇಡಿರಿ. ನಡಿಗೆಗೆ ಹಿಮ್ಮಡಿ ಬಿಗಿಯಾಗಿ ಹಿಡಿಯುವ, ಮುಂದೆ ಹೆಬ್ಬೆರಳಷ್ಟು ಜಾಗ ಇರುವ ಸಾದಾ ಬೂಟು ನಡೆಯುತ್ತದೆ. ಹತ್ತು ಕಿ.ಮೀ. ದಾಟುವವರು ಮಾತ್ರ ಓಟದ ಬೂಟಿಗೆ ಸ್ವಲ್ಪ ಸ್ವಲ್ಪ ಉಳಿತಾಯ ಮಾಡಲಿ. ಚಪ್ಪಲಿಯಲ್ಲಿ ಓಡುವುದು ಬೇಡ. ಸಡಿಲಾದ ಚೂಡಿದಾರ ಒಳ್ಳೆಯದು. ಸೀರೆಯೇ ಇರಲಿ ಎನ್ನುವವರು ಕಾಲಿಗೆ ತೊಡರದಂತೆ ಕಚ್ಚೆ ಹಾಕಿಕೊಳ್ಳಲಿ. ಎದೆಗೆ ಬಿಗಿಯಾದ ಆಧಾರ ಕೊಡುವ ಒಳ ಉಡುಪು ಅವಶ್ಯ.

ನಮ್ಮದು ಎರೆ ಭೂಮಿ. ಮಳೆ ಬಿದ್ದ ದಿನ ಹೊಲದ ದಾರಿಯಲ್ಲಿ ಕಾಲಿಗೆ ಮಣ್ಣು ಮೆತ್ತಿ ಜಾರುತ್ತದೆ. ಆ ದಿನ ಶಾಲೆಯ ಬಯಲು ಅಥವಾ ಗಟ್ಟಿ ದಾರಿ ಆರಿಸಿರಿ. ರಸ್ತೆಯಲ್ಲಾದರೆ ಎದುರು ಬರುವ ಗಾಡಿ ಕಾಣುವಂತೆ ಬಲಬದಿಗೆ ಹೋಗಬೇಕು. ನಸುಕಿನಲ್ಲಿ ತಿಳಿ ಬಣ್ಣದ ಬಟ್ಟೆ, ಒಂದು ಬ್ಯಾಟರಿ ಇರಲಿ. ಒಬ್ಬಳೇ ಹೋಗಬೇಡಿರಿ. ದೂರ ಅಳೆಯಲು ರಸ್ತೆ ಬದಿಯ ಕಿಲೋಮೀಟರ್ ಕಲ್ಲೇ ಸಾಕು. ಬೇಸಿಗೆಯಲ್ಲಿ ಬಿಸಿಲು ಏರುವ ಮುಂಚೆ ಮನೆ ಸೇರಬೇಕು.

ಊಟ ಮತ್ತು ನೀರು

ಪೇಟೆಯ ಪುಡಿ, ಡಬ್ಬಿ ಬೇಡ. ಜೋಳದ ರೊಟ್ಟಿ, ಹೆಸರುಕಾಳು ಅಥವಾ ಮಡಿಕಿಕಾಳಿನ ಪಲ್ಯ, ಶೇಂಗಾ ಹಿಂಡಿ, ಮೊಸರು, ತಪ್ಪಲ ಪಲ್ಯ ಇದ್ದರೆ ಓಟಗಾರ್ತಿಗೆ ಒಳ್ಳೆಯ ಊಟ. ತಿನ್ನುವವರು ಮೊಟ್ಟೆ, ಮೀನು, ಮಾಂಸ ತಿನ್ನಬಹುದು. ಊಟದ ಜೊತೆ ಲಿಂಬೆ ಹಿಂಡಿಕೊಂಡರೆ ಕಬ್ಬಿಣಾಂಶ ಮೈಗೆ ಹತ್ತುತ್ತದೆ. ಊಟವಾದ ಕೂಡಲೇ ಚಹಾ ಕುಡಿದರೆ ಅದು ಕಡಿಮೆಯಾಗುತ್ತದೆ, ಒಂದು ತಾಸು ಬಿಟ್ಟು ಕುಡಿಯಿರಿ. ಎಲ್ಲರಿಗೂ ಬಡಿಸಿ ಉಳಿದದ್ದನ್ನು ತಿನ್ನುವ ರೂಢಿಯನ್ನು ಓಡುವವಳು ಬಿಡಲೇಬೇಕು.

ಬಾಯಾರಿದಷ್ಟು ನೀರು ಕುಡಿಯಿರಿ. ಗಂಟೆಗಿಂತ ಹೆಚ್ಚು ಓಡುವವರಿಗೆ ಉಪ್ಪು ಹಾಕಿದ ಮಜ್ಜಿಗೆ, ಬಾಳೆಹಣ್ಣು ಅಥವಾ ಒಂದು ತುಂಡು ಬೆಲ್ಲ ಬೇಕು. ಬಿ.ಪಿ., ಸಕ್ಕರೆ ಇದ್ದವರು ಉಪ್ಪು, ಬೆಲ್ಲದ ಬಗ್ಗೆ ವೈದ್ಯರನ್ನು ಕೇಳಿರಿ.

ನಾಚಿಕೆ ಬಿಟ್ಟು ಹೇಳಬೇಕಾದ ಮಾತುಗಳು

ಹೆರಿಗೆಯಾದ ಎಷ್ಟೋ ತಾಯಂದಿರಿಗೆ ಓಡುವಾಗ, ಕೆಮ್ಮುವಾಗ ಮೂತ್ರ ಹನಿಯುತ್ತದೆ. ಇದು ಪಾಪವೂ ಅಲ್ಲ, ಶಾಪವೂ ಅಲ್ಲ. ಕೆಳಹೊಟ್ಟೆಯ ಸ್ನಾಯು ಸಡಿಲಾಗಿರುತ್ತದೆ. ಮೂತ್ರ ತಡೆಯುವಂತೆ ಒಳಗಿನಿಂದ ಬಿಗಿಹಿಡಿದು, ಐದು ಎಣಿಸಿ ಬಿಡುವುದನ್ನು ದಿನಕ್ಕೆ ಮೂರು ಹೊತ್ತು ಹತ್ತತ್ತು ಸಲ ಮಾಡಿದರೆ ಕೆಲವು ತಿಂಗಳಲ್ಲಿ ಬಹಳ ಮಂದಿಗೆ ಗುಣ ಕಾಣುತ್ತದೆ. ಆಗದಿದ್ದರೆ ವೈದ್ಯರಿಗೆ ತೋರಿಸಿರಿ. ಮುಟ್ಟಿನ ದಿನ ಓಡಬಹುದು, ಬೇಡ ಅನಿಸಿದರೆ ಬಿಡಬಹುದು.

ಎದೆನೋವು, ತಲೆಸುತ್ತು, ಎದೆ ವಿಪರೀತ ಬಡಿದುಕೊಳ್ಳುವುದು, ಒಂದೇ ಮೀನಖಂಡದಲ್ಲಿ ಬಾವು ಮತ್ತು ನೋವು ಬಂದರೆ ಕೂಡಲೇ ನಿಲ್ಲಿಸಿ ಆಸ್ಪತ್ರೆಗೆ ಹೋಗಬೇಕು. ನಡೆದಂತೆ ಹೆಚ್ಚುವ ಎಲುಬಿನ ನೋವನ್ನೂ ಅಲಕ್ಷ್ಯ ಮಾಡಬಾರದು.

ಊರ ಮಾತು, ಮನೆ ಮಾತು

"ಯಾಕವ್ವಾ, ಯಾರು ಬೆನ್ನು ಹತ್ಯಾರ?" ಎಂದು ಕಟ್ಟೆಯ ಮೇಲೆ ಕುಳಿತವರು ಕೇಳಿಯೇ ಕೇಳುತ್ತಾರೆ. ಸಂಘ ಆರಂಭಿಸಿದಾಗಲೂ "ಹೆಂಗಸರು ಬ್ಯಾಂಕಿಗೆ ಹೋಗಿ ಏನ್ ಮಾಡ್ತಾರ" ಎಂದು ಕೇಳಿದ್ದರು, ನೆನಪಿದೆಯಲ್ಲಾ? ಒಬ್ಬಳು ಓಡಿದರೆ ನಗುತ್ತಾರೆ. ಹತ್ತು ಮಂದಿ ಓಡಿದರೆ ದಾರಿ ಬಿಡುತ್ತಾರೆ. ಮನೆಯಲ್ಲಿ ಆ ಒಂದು ತಾಸಿನ ಕೆಲಸ ಯಾರು ಮಾಡಬೇಕೆಂದು ಮೊದಲೇ ಮಾತಾಡಿಕೊಳ್ಳಿರಿ. ಗಂಡು ಮಕ್ಕಳೂ ಚಹಾ ಕಾಸಲಿ, ಅಂಗಳ ಗುಡಿಸಲಿ.

ಸಂತ ಪೌಲರು ತಮ್ಮ ಪತ್ರಗಳಲ್ಲಿ ಬಾಳುವೆಯನ್ನು ಓಟಕ್ಕೆ ಹೋಲಿಸಿದ್ದಾರೆ. ದೇವರು ಕೊಟ್ಟ ಈ ದೇಹ ಬೇರೆಯವರ ಸೇವೆಗಷ್ಟೇ ಅಲ್ಲ, ನಾವೂ ಅದನ್ನು ಜೋಪಾನ ಮಾಡಬೇಕು. ಜಾತಿ-ಧರ್ಮ ಯಾವುದೇ ಇರಲಿ, ಇದು ನಮ್ಮೆಲ್ಲರ ಹೊಣೆ.

ಆ ತಾಯಿಗೆ ನಾಲ್ಕು ತಿಂಗಳ ಚಿಕಿತ್ಸೆಯ ನಂತರ ಹಿಮೋಗ್ಲೋಬಿನ್ 11ಕ್ಕೆ ಬಂದಿದೆ. ಇನ್ನೂ ಓಡುತ್ತಿಲ್ಲ. ಮೊನ್ನೆ ಸಂಘದವರ ಜೊತೆ ಊರಾಚೆಯ ಕಿಲೋಮೀಟರ್ ಕಲ್ಲಿನ ತನಕ ಹೋಗಿ, ನಡುವೆ ಎಲ್ಲಿಯೂ ಕೂಡದೆ ತಿರುಗಿ ಬಂದರು. ಬಂದವರೇ ಪುಸ್ತಕ ಬರೆಯುವವಳಿಗೆ ಹೇಳಿದರು: "ಬರಿಯವ್ವಾ ನನ್ನ ಹೆಸರಿನ ಮುಂದ. ಎರಡು ಕಿಲೋಮೀಟರ್."

ಸಭೆಯಲ್ಲಿ ಚರ್ಚಿಸಿರಿ

1. ನಮ್ಮ ಸಂಘದಲ್ಲಿ ಯಾರು ಯಾರು ಒಂದು ವರ್ಷದೊಳಗೆ ರಕ್ತ, ಬಿ.ಪಿ., ಸಕ್ಕರೆ ಪರೀಕ್ಷೆ ಮಾಡಿಸಿದ್ದೇವೆ?
2. ದಣಿದವಳನ್ನು ನಾವೇ ಎಂದಾದರೂ "ಮೈಗಳ್ಳಿ" ಎಂದಿದ್ದೇವೆಯೇ?
3. ನಮ್ಮೂರಲ್ಲಿ ಹೆಣ್ಣುಮಕ್ಕಳು ನಿರ್ಭಯವಾಗಿ ನಡೆಯಲು, ಓಡಲು ಯಾವ ಜಾಗ, ಯಾವ ಹೊತ್ತು ಯೋಗ್ಯ? ಗ್ರಾಮ ಪಂಚಾಯಿತಿಗೆ ಏನು ಕೇಳಬೇಕು?

ಈ ತಿಂಗಳ ನಿರ್ಧಾರ: ಎಲ್ಲ ಸದಸ್ಯೆಯರೂ ಗುಂಪಾಗಿ ಹೋಗಿ ರಕ್ತ ಪರೀಕ್ಷೆ ಮಾಡಿಸೋಣ. ಮರುವಾರದಿಂದ, ವೈದ್ಯರು ಸರಿ ಎಂದವರು ವಾರಕ್ಕೆ ಮೂರು ದಿನ ಅರ್ಧ ತಾಸು ಕೂಡಿ ನಡೆಯೋಣ. ಓಟ ಅದರ ಹಿಂದೆ ತಾನೇ ಬರುತ್ತದೆ.